ಎರಡು ಗಂಟೆಗೊಮ್ಮೆ ಗಿರಿಜಮ್ಮ

2006ರ ಫೆಬ್ರವರಿ 11, ಶನಿವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ದೇಶದ ರಾಜಧಾನಿಯ ಮಯೂರ್ ವಿಹಾರದಲ್ಲಿ, ಹೌಸಿಂಗ್ ಸೊಸೈಟಿಯೊಂದರ ಎರಡನೇ ಮಹಡಿಯಲ್ಲಿ ಸರಳಾ ತನ್ನ ಅತ್ತೆ ಗಿರಿಜಮ್ಮನ ಮೇಲಿದ್ದ ದಪ್ಪ ರಜಾಯಿ ಸರಿಸಿದಳು. ಮೈ ಒರೆಸಲೆಂದು ಅವರನ್ನು ಗೋಡೆಯ ಕಡೆಗೆ ಹೊರಳಿಸಿದವಳು ಹಾಗೇ ನಿಂತುಬಿಟ್ಟಳು. ಬೆನ್ನಿನ ತುದಿಯಲ್ಲಿ, ಮೂಳೆ ಎದ್ದು ಕಾಣುವ ಜಾಗದಲ್ಲಿ, ಚರ್ಮ ಕೆಂಪಾಗಿ ಕಿತ್ತುಬಂದಿತ್ತು.

ಗಿರಿಜಮ್ಮನಿಗೆ ಎಪ್ಪತ್ತಾರು ವರ್ಷ. ನವೆಂಬರಿನಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಸ್ವಾಧೀನ ತಪ್ಪಿದ್ದವು. ಮಾತು ಉಳಿದಿತ್ತು, ಆದರೆ ಒಂದೊಂದು ಪದವೂ ಮೆಟ್ಟಿಲು ಹತ್ತಿ ಬಂದ ಹಾಗೆ ಏದುಸಿರು ಬಿಟ್ಟು ಬರುತ್ತಿತ್ತು. ಅದಕ್ಕೆ ಮೊದಲು ಆ ಮನೆಯ ಬಾಲ್ಕನಿ ಪೂರ್ತಿ ಅವರದು. ಬೆಳಿಗ್ಗೆ ಹತ್ತಕ್ಕೆ ತರಕಾರಿ ಗಾಡಿ ಕೆಳಗೆ ಬಂದು ನಿಂತರೆ ಸಾಕು, ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುವರು. "ಭಯ್ಯಾ, ಕಲ್ ಕಾ ಬೆಂಡೆಕಾಯಿ ಬಲಿತಿತ್ತು, ಪೂರಾ ಬಲಿತಿತ್ತು" ಎಂದು ನಿನ್ನೆಯ ಕಾಯಿಯ ಬಗ್ಗೆ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, ಇಡೀ ಬ್ಲಾಕಿಗೆ ಕೇಳುವಂತೆ ತಕರಾರು ಹೂಡುವರು. ಭಯ್ಯಾನಿಗೆ ಕನ್ನಡ ಬಾರದು. ಆದರೆ 'ಬಲಿತಿತ್ತು' ಎಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು.

ಕಳೆದ ವಾರವಷ್ಟೇ ಫಿಸಿಯೋಥೆರಪಿ ಮಾಡಿಸುವವರು ಬಂದು, ಇನ್ನು ಕುರ್ಚಿಯಲ್ಲಿ ಕೂರಿಸಿ ಅಭ್ಯಾಸ ಮಾಡಿಸಬಹುದು ಎಂದಿದ್ದರು. ಗಿರಿಜಮ್ಮ ಕೇಳಿದ್ದು ಒಂದೇ ಪದ: "ಬಾಲ್ಕನಿ?" ಆಗಲಿ ಎಂದಿದ್ದರು ಅವರು. ಈಗ ಕೂರಬೇಕಾದ ಜಾಗದಲ್ಲೇ ಗಾಯ.

ಸರಳಾ ಗಂಡನನ್ನು ಕೂಗಿದಳು. ನಾರಾಯಣಸ್ವಾಮಿ ಆರ್.ಕೆ.ಪುರಂನ ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಮೂವತ್ತಮೂರು ವರ್ಷ ಫೈಲು ನೋಡಿ, ಹಿಂದಿನ ವರ್ಷ ನಿವೃತ್ತರಾದವರು. ತಾಯಿಯೆಂದರೆ ಪ್ರಾಣ. ಆ ಪ್ರೀತಿಯಿಂದಲೇ ಹಳೆಯ ಪಂಚೆಯೊಂದನ್ನು ಉಂಡೆಸುತ್ತಿ, ನೀರಿನ ಕೊಡದ ಕೆಳಗೆ ಇಡುತ್ತಾರಲ್ಲ ಅಂಥ ಸಿಂಬೆ ಮಾಡಿ, ಅಮ್ಮನ ಸೊಂಟದ ಕೆಳಗೆ ಇಟ್ಟಿದ್ದರು. ಕೊಡ ತಲೆಗೆ ಒತ್ತದಿದ್ದರೆ ಹಾಸಿಗೆ ಸೊಂಟಕ್ಕೆ ಏಕೆ ಒತ್ತೀತು ಎಂಬುದು ಅವರ ಲೆಕ್ಕ. ಅಲ್ಲಿ ಸ್ವಲ್ಪ ಕೆಂಪಾದಾಗ ಬಿಸಿ ಕೊಬ್ಬರಿ ಎಣ್ಣೆ ಹಾಕಿ ಸಂಜೆಸಂಜೆಗೆ ಚೆನ್ನಾಗಿ ಉಜ್ಜಿದ್ದೂ ಅವರೇ. ಗಾಯ ನೋಡಿ ಅವರ ಮುಖ ಬಿಳುಚಿಕೊಂಡಿತು. ಇನ್ನೂ ದಪ್ಪದ ಸಿಂಬೆ ಮಾಡಬೇಕಿತ್ತು ಎಂದರು.

ಸರಳಾ ನಾಲ್ಕನೇ ಮಹಡಿಗೆ ಓಡಿದಳು. ಅಲ್ಲಿ ದಾವಣಗೆರೆ ಕಡೆಯ ಸ್ಫೂರ್ತಿ ಇದ್ದಳು. ಗ್ರೇಟರ್ ನೋಯ್ಡಾದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಶುಶ್ರೂಷಾ ಸಹಾಯಕಿಯರಿಗೆ ತರಬೇತಿ ಕೊಡುವುದು ಅವಳ ಕೆಲಸ.

ಸ್ಫೂರ್ತಿ ಬಂದವಳು ನೇರ ಗಾಯಕ್ಕೆ ಕೈ ಹಾಕಲಿಲ್ಲ. ಸೋಪು ಹಚ್ಚಿ ಕೈ ತೊಳೆದಳು. ಗಿರಿಜಮ್ಮನ ಮುಖದ ಎದುರು ಕುಳಿತು ತಾನು ಯಾರೆಂದು ಹೇಳಿದಳು. ಈಗ ನಿಮ್ಮನ್ನು ಎಡಕ್ಕೆ ಹೊರಳಿಸುತ್ತೇನೆ, ಆಗಬಹುದಾ ಎಂದು ಕೇಳಿದಳು. ಗಿರಿಜಮ್ಮ ತಲೆಯಾಡಿಸಿದರು. ಮೂರು ತಿಂಗಳಲ್ಲಿ ಅವರನ್ನು ಹೀಗೆ ಕೇಳಿದವರು ಯಾರೂ ಇಲ್ಲವಲ್ಲ ಎಂದು ಸರಳಾಗೆ ಚುರುಕ್ ಎಂದಿತು.

ಆಮೇಲೆ ಸ್ಫೂರ್ತಿ ಕಾಗದದ ಅಳತೆಪಟ್ಟಿಯನ್ನು ಗಾಯಕ್ಕೆ ತಾಗಿಸದೆ ಪಕ್ಕದಲ್ಲಿ ಹಿಡಿದು ಅಳೆದಳು. ಉದ್ದ ಮೂರು ಪಾಯಿಂಟ್ ಎರಡು ಸೆಂಟಿಮೀಟರ್. ಸಿಂಬೆಯನ್ನು ಎತ್ತಿ ನಾರಾಯಣಸ್ವಾಮಿಯವರ ಕೈಗೆ ಕೊಟ್ಟಳು.

"ಇದರ ಅಂಚು ಸುತ್ತಲೂ ಒತ್ತುತ್ತೆ ಸಾರ್, ಮಧ್ಯಕ್ಕೆ ರಕ್ತ ಹೋಗೋ ದಾರಿಗಳೇ ಮುಚ್ಚಿಹೋಗ್ತವೆ. ಮಡಕೆಗೆ ರಕ್ತ ಬೇಡ. ಅಮ್ಮನಿಗೆ ಬೇಕು."

ಕೆಂಪಾದ ಜಾಗವನ್ನು ಉಜ್ಜಿದರೆ ಒಳಗೆ ಮೊದಲೇ ನೊಂದ ಚರ್ಮ ಇನ್ನಷ್ಟು ಹರಿಯುತ್ತದೆ ಎಂದೂ ಹೇಳಿದಳು. ಆ ದಿನವೇ ಡಾಕ್ಟರಿಗೆ ತೋರಿಸಬೇಕೆಂದು ಹಟ ಹಿಡಿದಳು. ಹಾಗೇ ಆಯಿತು. ಡಾಕ್ಟರು ಬಂದು ಗಾಯ ತೊಳೆದು ಪಟ್ಟಿ ಹಾಕಿದರು. ಇದು ಇನ್ನೂ ಮೇಲುಮೇಲಿನದು, ಆಳಕ್ಕಿಳಿದು ನಂಜಾದರೆ ಆಸ್ಪತ್ರೆಗೇ ಸೇರಿಸಬೇಕಾದೀತು, ಜೀವಕ್ಕೂ ಅಪಾಯ ಎಂದು ಎಚ್ಚರಿಸಿದರು. ಗಾಯ ಮುಚ್ಚುವ ತನಕ ಕುರ್ಚಿಯ ಮಾತಿಲ್ಲ ಎಂದರು. ಗಿರಿಜಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಮಧ್ಯಾಹ್ನ ಸ್ಫೂರ್ತಿ ಪಾಠ ಶುರುಮಾಡಿದಳು. ಒಂದು ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ಹೆಗಲಿನಿಂದ ತೊಡೆಯವರೆಗೆ ಗಿರಿಜಮ್ಮನ ಕೆಳಗೆ ಹಾಸಿದಳು. ಇಬ್ಬರು ಎರಡೂ ಕಡೆ ಹಿಡಿದು, ಮೂರು ಎಣಿಸಿ, ಅದರ ಸಮೇತ ಎತ್ತಿ ಸರಿಸಬೇಕು. ಮೈಯನ್ನು ಹಾಸಿಗೆಯ ಮೇಲೆ ಎಳೆಯಬಾರದು. ಸ್ವಾಧೀನ ತಪ್ಪಿದ ಕೈಯನ್ನಂತೂ ಹಿಡಿದೆಳೆಯಲೇಬಾರದು, ಹೆಗಲ ಕೀಲು ಜಾರುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸ್ವಲ್ಪವೇ ಓರೆಯಾಗಿ ಮಲಗಿಸಬೇಕು, ಮೀನಖಂಡದ ಕೆಳಗೆ ಇನ್ನೊಂದು ದಿಂಬಿಟ್ಟು ಹಿಮ್ಮಡಿಗಳು ಗಾಳಿಯಲ್ಲಿ ತೇಲುವಂತೆ ಮಾಡಬೇಕು. ಬಟ್ಟೆ ಒದ್ದೆಯಾದರೆ ತಕ್ಷಣ ಬದಲಾಯಿಸಿ, ಒತ್ತಿ ಒರೆಸಿ, ತಿಕ್ಕಬೇಡಿ ಎಂದಳು. ಊಟದಲ್ಲಿ ಬೇಳೆ, ಮೊಸರು, ಪನೀರ್ ಹೆಚ್ಚಿಸಿ, ಚರ್ಮ ಹೊಸದಾಗಿ ಬೆಳೆಯಲು ಅದೇ ಸಾಮಾನು ಎಂದಳು.

ಕೊನೆಗೆ ಬೆರಳಿನ ಪರೀಕ್ಷೆ ತೋರಿಸಿದಳು. ಕೆಂಪಾದ ಜಾಗವನ್ನು ಬೆರಳಿಂದ ಮೆತ್ತಗೆ ಒತ್ತಿ ಮೂರು ಎಣಿಸಿ ಬಿಡಬೇಕು. ಬೆಳ್ಳಗಾಗಿ ಮತ್ತೆ ಬಣ್ಣ ಬಂದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪು ಹೋಗದಿದ್ದರೆ ಅದು ಗಾಯದ ಮೊದಲ ಸುಳಿವು, ಆ ಭಾಗದ ಮೇಲೆ ಭಾರ ಬೀಳಬಾರದು. ಮೈಬಣ್ಣ ಗಾಢವಾಗಿದ್ದವರಲ್ಲಿ ಕೆಂಪು ಕಾಣುವುದಿಲ್ಲ. ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಮುಟ್ಟಿ ನೋಡಬೇಕು.

ಇದೆಲ್ಲಕ್ಕಿಂತ ಮುಖ್ಯವಾದದ್ದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದು. ಸದ್ಯಕ್ಕೆ ಬೆನ್ನ ಮೇಲೆ ಬೇಡ, ಒಮ್ಮೆ ಎಡ, ಒಮ್ಮೆ ಬಲ.

ನಾರಾಯಣಸ್ವಾಮಿಯವರಿಗೆ ಇದು ಹಿಡಿಸಲಿಲ್ಲ. ಈ ಚಳಿಯಲ್ಲಿ ಬೆಚ್ಚಗೆ ಮಲಗಿದ ಮುದುಕಿಯನ್ನು ರೊಟ್ಟಿ ಮಗುಚಿದ ಹಾಗೆ ಮಗುಚುತ್ತಾ ಇರುವುದು ಯಾವ ಸೇವೆ ಎಂದು ಕೇಳಿದರು. ಆದರೂ ಅಳತೆಪಟ್ಟಿಯ ಅಂಕಿ ಅವರನ್ನು ಹೆದರಿಸಿತ್ತು. ತಾವೇ ಸ್ಕೇಲು ಹಿಡಿದು ಗೆರೆ ಎಳೆದು ಒಂದು ಪಟ್ಟಿ ಮಾಡಿ ಬೀರುವಿನ ಬಾಗಿಲಿಗೆ ಅಂಟಿಸಿದರು: ವೇಳೆ, ಎಡವೋ ಬಲವೋ, ಸಹಿ. ಸರಳಾ ಶಾಲೆಯಲ್ಲಿ ಟೀಚರ್; ಏಳಕ್ಕೆ ಹೊರಟರೆ ಮೂರಕ್ಕೆ ಮನೆ. ಆ ಹೊತ್ತಿನ ಪಾಳಿ ನಾರಾಯಣಸ್ವಾಮಿಯವರದು. ಉಳಿದದ್ದು ಸರಳಾ ಮತ್ತು ಕಾಲೇಜಿಗೆ ಹೋಗುವ ಮಗಳು ಹರ್ಷಿಣಿ ಹಂಚಿಕೊಂಡರು.

ಪಟ್ಟಿ ಅಚ್ಚುಕಟ್ಟಾಗಿ ತುಂಬುತ್ತಾ ಹೋಯಿತು. ಒಂದು ಮನೆಯೂ ಖಾಲಿ ಇಲ್ಲ. ಆದರೆ ಹತ್ತು ದಿನ ಕಳೆದು ಅಳೆದರೆ ಗಾಯ ಮೂರು ಪಾಯಿಂಟ್ ಆರು. ಕುಗ್ಗುವ ಬದಲು ಬೆಳೆದಿತ್ತು. ಸ್ಫೂರ್ತಿಗೂ ಅರ್ಥವಾಗಲಿಲ್ಲ. ನಾರಾಯಣಸ್ವಾಮಿ ಮಾತ್ರ, ನಾನು ಮೊದಲೇ ಹೇಳಿರಲಿಲ್ಲವಾ ಎಂಬಂತೆ ಕನ್ನಡಕ ಒರೆಸಿಕೊಂಡರು.

ಮಾರನೆಯ ದಿನ ಶಾಲೆ ಬೇಗ ಬಿಟ್ಟು ಸರಳಾ ಹನ್ನೊಂದೂವರೆಗೇ ಮನೆಗೆ ಬಂದಳು. ಗಂಡ ಬಾಲ್ಕನಿಯ ಬಿಸಿಲಲ್ಲಿ ಪೇಪರ್ ಓದುತ್ತಿದ್ದರು. ಹರ್ಷಿಣಿ ತನ್ನ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದಳು. ಸರಳಾ ಅತ್ತೆಯ ಕೋಣೆಗೆ ಹೋಗಿ ಪಟ್ಟಿ ನೋಡಿದಳು. ಎಂಟು, ಸಹಿ. ಹತ್ತು, ಸಹಿ. ಹನ್ನೆರಡು, ಸಹಿ. ಮಧ್ಯಾಹ್ನ ಎರಡು, ಸಹಿ.

ಅವಳು ಗೋಡೆಯ ಗಡಿಯಾರ ನೋಡಿದಳು, ಮತ್ತೆ ಪಟ್ಟಿ ನೋಡಿದಳು. ರಜಾಯಿ ಸರಿಸಿದಳು. ಆರೂವರೆಗೆ ತಾನು ಎಡಕ್ಕೆ ಮಲಗಿಸಿ ಹೋದ ಅತ್ತೆ ಇನ್ನೂ ಎಡಕ್ಕೇ ಇದ್ದರು, ಜಾರಿ ಜಾರಿ ಅರ್ಧ ಬೆನ್ನ ಮೇಲೆ ಬಂದಿದ್ದರು. ಕೊಂಚ ಹೊರಳಿಸಿ ಎಡಗಡೆಯ ಸೊಂಟದ ಮೂಳೆಯ ಮೇಲೆ ಬೆರಳಿಟ್ಟು ಮೂರು ಎಣಿಸಿ ಬಿಟ್ಟಳು. ಕೆಂಪು ಕೆಂಪಾಗಿಯೇ ಇತ್ತು.

ಗಂಡನನ್ನು ಕರೆದು ಅದನ್ನೇ ಇನ್ನೊಮ್ಮೆ ಮಾಡಿ ತೋರಿಸಿದಳು. ಅವಳ ದನಿ ಏರಲಿಲ್ಲ.

"ಕಾಗದದ ಮೇಲೆ ನಿಮ್ಮ ಸಹಿ ಇದೆ. ಅಮ್ಮನ ಮೈ ಮೇಲೆ ಎಲ್ಲಿದೆ, ತೋರಿಸಿ."

ನಾರಾಯಣಸ್ವಾಮಿ ತಡವರಿಸಿದರು. ಸುಳ್ಳು ಹೇಳುವ ಉದ್ದೇಶ ಅವರಿಗಿರಲಿಲ್ಲ. ಕಚೇರಿಯಲ್ಲಿ ಹಾಜರಿ ಪುಸ್ತಕಕ್ಕೆ ವಾರದ ಸಹಿ ಒಟ್ಟಿಗೆ ಹಾಕಿ ಕೆಲಸ ನೋಡುವುದು ರೂಢಿಯಾಗಿತ್ತು. ಹೇಗೂ ಮಾಡುವುದೇ ತಾನೆ ಎಂದು ಬೆಳಿಗ್ಗೆಯೇ ಎಲ್ಲ ಮನೆಗಳಿಗೂ ಸಹಿ ಹಾಕುತ್ತಿದ್ದರು. ಹತ್ತಕ್ಕೆ ಬಂದು ನೋಡಿದರೆ ಅಮ್ಮನಿಗೆ ಸುಖನಿದ್ದೆ. ಎಬ್ಬಿಸಲು ಮನಸ್ಸು ಬರುತ್ತಿರಲಿಲ್ಲ. "ಸುಮ್ಮನೆ ಮಲಗಿರೋದಕ್ಕೆ ಏನು ಕಷ್ಟ ಸರಳಾ" ಎಂದರು.

ಸರಳಾ ಅತ್ತೆಯನ್ನು ಪೂರ್ತಿ ಬಲಕ್ಕೆ ಹೊರಳಿಸಿ ದಿಂಬು ಕೊಟ್ಟಳು. ಆಮೇಲೆ ಪಕ್ಕದ ದಿವಾನ್ ತೋರಿಸಿದಳು. "ಮಲಗಿ. ಎರಡು ಗಂಟೆ. ಕೈ ಕಾಲು ಸೊಂಟ ಯಾವುದೂ ಅಲ್ಲಾಡಬಾರದು."

ಅದೇನು ಮಹಾ ಎಂದು ಅವರು ಅಂಗಾತ ಮಲಗಿದರು. ಹರ್ಷಿಣಿಗೆ ಓದು ಬಿಟ್ಟು ಬರಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಮೊಬೈಲಿನಲ್ಲಿ ವೇಳೆ ಇಟ್ಟುಕೊಂಡು ಎದುರಿಗೇ ಕೂತಳು. ಆರು ನಿಮಿಷಕ್ಕೆ ಅವರಿಗೆ ಮೂಗು ತುರಿಸಿತು. "ಪಪ್ಪಾ, ಹಿಲ್ನಾ ಮತ್" ಎಂದು ಅಲ್ಲಾಡದಂತೆ ತಡೆದಳು ಮಗಳು. ಹನ್ನೊಂದಕ್ಕೆ ಹಿಮ್ಮಡಿಯಲ್ಲಿ ಸೂಜಿ ಚುಚ್ಚಿದಂತಾಯಿತು. ಹದಿನೈದಕ್ಕೆ ಬೆನ್ನಿನ ತುದಿ ಉರಿಯತೊಡಗಿತು, ಸರಿಯಾಗಿ ಅಮ್ಮನಿಗೆ ಗಾಯವಾದ ಜಾಗದಲ್ಲೇ. ಹಲ್ಲು ಕಚ್ಚಿದರು. ಹಣೆಯಲ್ಲಿ ಬೆವರು, ಅದೂ ಫೆಬ್ರವರಿಯಲ್ಲಿ. ಆಮೇಲೆ ತಡೆಯಲಾರದೆ ಧಡಕ್ಕನೆ ಮಗ್ಗುಲು ಬದಲಿಸಿದರು.

"ಬಾಯೀಸ್ ಮಿನಿಟ್" ಎಂದಳು ಹರ್ಷಿಣಿ.

ಇಷ್ಟು ಹೊತ್ತೂ ಮಗನನ್ನೇ ನೋಡುತ್ತಿದ್ದ ಗಿರಿಜಮ್ಮ ಎಡಗೈ ಎತ್ತಿದರು. ಮಾತು ನಿಧಾನವಾಗಿ ಬಂತು.

"ನಿಂಗೆ... ಇಪ್ಪತ್ತೆರಡು ನಿಮಿಷ. ನಂಗೆ... ಮೂರು ತಿಂಗಳು, ಮಗಾ."

ನಾರಾಯಣಸ್ವಾಮಿ ಎದ್ದು ಬಂದು ತಾಯಿಯ ಕಾಲ ಬಳಿ ಕೂತರು. ಆಮೇಲೆ ಬೀರುವಿನ ಬಾಗಿಲಿನ ಪಟ್ಟಿ ಹರಿದು, ಹೊಸ ಹಾಳೆಗೆ ಗೆರೆ ಎಳೆಯತೊಡಗಿದರು. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಬರೆದರು: ಹೊರಳಿಸಿದ ನಂತರ ಮಾತ್ರ ಸಹಿ.

ಅಲ್ಲಿಂದ ಆ ಮನೆಯ ಉತ್ಸಾಹ ನೋಡಬೇಕಿತ್ತು. ಅಲಾರಂ ಗಡಿಯಾರ ಬಂತು. 'ಹತ್ತು ಗಂಟೆ' ಎಂದು ಬರೆಯುತ್ತಿದ್ದ ನಾರಾಯಣಸ್ವಾಮಿ ಈಗ 'ಹತ್ತು ಗಂಟೆ ನಾಲ್ಕು ನಿಮಿಷ, ಬಲ' ಎಂದು ಬರೆದರು. ಹಗಲು ಒಬ್ಬರೇ ಇದ್ದಾಗ ಎದುರು ಮನೆಯ ಮುರಳೀಧರರನ್ನು ಕರೆದರು. ಶೀಟಿನ ಆ ತುದಿ ಅವರು, ಈ ತುದಿ ಇವರು. ಒಂದು, ಎರಡು, ಮೂರು ಎಣಿಸುವ ಅಧಿಕಾರ ಗಿರಿಜಮ್ಮನದು. ಅವರು ಬೇಕೆಂದೇ ಎರಡಕ್ಕೆ ನಿಲ್ಲಿಸಿ ಇಬ್ಬರನ್ನೂ ಬಗ್ಗಿಸಿಟ್ಟು ಕಾಯಿಸುವರು. ಅಲಾರಂ ಹೊಡೆದು ಯಾರೂ ಬಾರದಿದ್ದರೆ ಮಂಚದ ಕಂಬಿಗೆ ಸ್ಟೀಲ್ ಲೋಟ ಬಡಿಯುವರು.

ಅಳತೆಯ ದಿನ ಮನೆಯಲ್ಲಿ ಕ್ರಿಕೆಟ್ ಪಂದ್ಯದ ಕಳೆ. ಹರ್ಷಿಣಿ ಫ್ರಿಜ್ಜಿನ ಮೇಲೆ ಅಂಕಿ ಅಂಟಿಸಿದಳು. ಮಾರ್ಚ್ 4: ಎರಡು ಪಾಯಿಂಟ್ ಒಂಬತ್ತು. ಅಂದು ನಾರಾಯಣಸ್ವಾಮಿ ಇಡೀ ಬ್ಲಾಕಿಗೆ ಜಿಲೇಬಿ ಹಂಚಿದರು. ಮಾರ್ಚ್ 18: ಒಂದು ಪಾಯಿಂಟ್ ನಾಲ್ಕು. ಲಿಫ್ಟಿನಲ್ಲಿ ಸಿಕ್ಕವರು ಕ್ಷೇಮ ಕೇಳುವುದು ಬಿಟ್ಟು ಸ್ಕೋರ್ ಕೇಳತೊಡಗಿದರು. ಸೊಸೈಟಿಯ ಸಭಾಂಗಣದಲ್ಲಿ ಸ್ಫೂರ್ತಿ ಭಾನುವಾರಗಳಂದು ಹಾಸಿಗೆ ಹಿಡಿದವರ ಆರೈಕೆ ಕಲಿಸುವ ಎರಡು ಗಂಟೆ ಅವಧಿಯ ತರಗತಿ ಶುರುಮಾಡಿದಳು. ಹನ್ನೆರಡು ಮನೆಯವರು ಬಂದರು. ಅಲ್ಲಿ ರೋಗಿಯಾಗಿ ಮಲಗಿ ತೋರಿಸುವ ಕೆಲಸ ನಾರಾಯಣಸ್ವಾಮಿಯವರದೇ. ತಮ್ಮ ಇಪ್ಪತ್ತೆರಡು ನಿಮಿಷದ ಕಥೆಯನ್ನು ಅವರೇ ಮೊದಲು ಹೇಳಿಬಿಡುವರು, ಹೆಂಡತಿ ಹೇಳುವ ಮುಂಚೆ.

ಏಪ್ರಿಲ್ 8, ಶನಿವಾರ. ಬೆಳಿಗ್ಗೆ ಡಾಕ್ಟರು ಬಂದು ನೋಡಿ ಒಪ್ಪಿಗೆ ಕೊಟ್ಟರು. ದಪ್ಪ ಮೆತ್ತೆ ಹಾಕಿದ ಕುರ್ಚಿಯಲ್ಲಿ ಗಿರಿಜಮ್ಮನನ್ನು ಕೂರಿಸಿ, ಪಕ್ಕೆಗೆ ದಿಂಬು ಕೊಟ್ಟು, ಬಲಗೈಯನ್ನು ತೊಡೆಯ ಮೇಲಿನ ಮಣೆಯಲ್ಲಿಟ್ಟು ಬಾಲ್ಕನಿಗೆ ತಂದರು. ಕೆಳಗೆ ತರಕಾರಿ ಗಾಡಿ ನಿಂತಿತ್ತು. ಭಯ್ಯಾ ತಲೆಯೆತ್ತಿ ನೋಡಿ, ಕೈ ಮುಗಿದು, ಎಲ್ಲಕ್ಕಿಂತ ಎಳೆಯ ಬೆಂಡೆಕಾಯಿ ಆರಿಸಿ ಬುಟ್ಟಿಗೆ ಹಾಕಿದ. ಸರಳಾ ಹಗ್ಗ ಎಳೆದಳು. ಗಿರಿಜಮ್ಮ ಎಡಗೈಯಲ್ಲಿ ಒಂದು ಕಾಯಿ ಎತ್ತಿ ತುದಿ ಮುರಿದು ನೋಡಿದರು. ಮುರಿದ ಸದ್ದು ಪಟ್ಟೆಂದು ಕೇಳಿಸಿತು. ಆದರೂ ಅವರು ಬಗ್ಗಿ, ಉಸಿರು ಕೂಡಿಸಿಕೊಂಡು, ಬ್ಲಾಕಿಗೆಲ್ಲ ಕೇಳುವಂತೆ ಹೇಳಿದರು:

"ಬಲಿತಿದೆ."

ಈ ಕಥೆ ಕೇಳಿದವರೇ, ನಿಮ್ಮ ಮನೆಯಲ್ಲೂ, ಪಕ್ಕದ ಮನೆಯಲ್ಲೂ ಹಾಸಿಗೆ ಹಿಡಿದ ಹಿರಿಯರು ಇರಬಹುದು. ಅವರು ಸುಮ್ಮನೆ ಮಲಗಿದ್ದಾರೆ ಎಂದರೆ ಸುಖವಾಗಿದ್ದಾರೆ ಎಂದಲ್ಲ. ಇಂದೇ ಹೊದಿಕೆ ಸರಿಸಿ, ಅವರನ್ನು ಕೇಳಿ, ಬೆನ್ನಿನ ತುದಿ, ಸೊಂಟ, ಹಿಮ್ಮಡಿ ನೋಡಿ. ಕೆಂಪಿದ್ದರೆ ಬೆರಳಿಟ್ಟು ಮೂರು ಎಣಿಸಿ. ಕೆಂಪು ಹೋಗದಿದ್ದರೆ, ಚರ್ಮ ಕಿತ್ತಿದ್ದರೆ, ತಡಮಾಡದೆ ಡಾಕ್ಟರಿಗೋ ನರ್ಸಿಗೋ ತೋರಿಸಿ. ಸಿಂಬೆ ಬೇಡ, ಉಜ್ಜುವುದು ಬೇಡ. ಎರಡು ಗಂಟೆಗೊಮ್ಮೆ ಹೊರಳಿಸಿ, ಆಮೇಲೆ ಬರೆದಿಡಿ. ಇಷ್ಟೆಲ್ಲ ಬೇಕಾ ಎಂದು ಅನುಮಾನ ಬಂದರೆ, ನೀವೇ ಒಮ್ಮೆ ಅಲ್ಲಾಡದೆ ಮಲಗಿ ನೋಡಿ.

ಅಂದು ಕುರ್ಚಿಯಲ್ಲಿ ಕೂರಿಸುವ ಮೊದಲು ಸ್ಫೂರ್ತಿ ಕೊನೆಯ ಸಲ ಅಳತೆಪಟ್ಟಿ ಹಿಡಿದಿದ್ದಳು. ಪಟ್ಟಿಯಲ್ಲಿ ನಾರಾಯಣಸ್ವಾಮಿ ಬರೆದು ಸಹಿ ಹಾಕಿದ ಅಂಕಿ ಹೀಗಿದೆ: ಗಾಯದ ಉದ್ದ, 0 ಸೆಂಟಿಮೀಟರ್.