ಸ್ಪೀಕರಿನಲ್ಲಿ ಶಾಸಕರು

ಇದು ಪೀಣ್ಯದಲ್ಲಿ ನಡೆದದ್ದು. ನಂಬದವರು ನಮ್ಮ ಕಾರ್ಖಾನೆಯ ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸನ್ನೇ ಕೇಳಿ ನೋಡಿ, ಅದೂ ಸಾಕ್ಷಿ.

ಸಿದ್ರಾಮನ ಗಂಟಲಲ್ಲಿ ಅರ್ಧ ವಿಧಾನಸೌಧವೇ ಬಾಡಿಗೆಗಿತ್ತು. ಟೀ ಬಿಡುವಿನಲ್ಲಿ ಅವನು ಶಾಸಕರ ದನಿ ತೆಗೆದರೆ ಕೂಲಿಯವರೆಲ್ಲ ನಗುತ್ತಿದ್ದರು, ಯಂಕಪ್ಪನೊಬ್ಬನನ್ನು ಬಿಟ್ಟು. ಅವನಿಗೆ ನಗುವಷ್ಟೂ ತ್ರಾಣವಿರಲಿಲ್ಲ. ಹೆಂಡತಿ ಬಸಕ್ಕನ ಹೃದಯದ ಕವಾಟ ಬದಲಿಸಬೇಕಿತ್ತು. ಬಿಪಿಎಲ್ ಕಾರ್ಡಿದ್ದರೆ ಪೂರ್ತಿ ಖರ್ಚು ಸರ್ಕಾರದ್ದು. ಆದರೆ ಬೈಕ್ ಸಾಲ ಬೇಗ ಸಿಗುತ್ತದೆಂದು ಏಜೆಂಟನೊಬ್ಬ ಹೇಳಿದ್ದಕ್ಕೆ ಯಂಕಪ್ಪ ಹಿಂದೊಮ್ಮೆ ಆದಾಯ ತೆರಿಗೆಯ ರಿಟರ್ನ್ಸ್ ಹಾಕಿದ್ದ. ಅನರ್ಹರನ್ನು ತೆಗೆಯುತ್ತೇವೆಂದು ಸರ್ಕಾರ ಪಟ್ಟಿ ಜಾಲಾಡಿದಾಗ, ಒಂದು ಪೈಸೆ ತೆರಿಗೆ ಕಟ್ಟದ ಅವನಿಗೂ ಎಪಿಎಲ್‌ಗೆ ಬಡ್ತಿ ಸಿಕ್ಕಿತು. ಇನ್ನು ಸರ್ಕಾರದ ಪಾಲು ನೂರಕ್ಕೆ ಮೂವತ್ತು ಮಾತ್ರ. ವಿರೋಧ ಪಕ್ಷ ಕೂಗಾಡಿದ ಮೇಲೆ ತಪ್ಪಾದ ಕಾರ್ಡು ಸರಿಪಡಿಸುವ ಘೋಷಣೆಯೂ ಆಯಿತು. ಘೋಷಣೆ ಟಿವಿಗೆ ಬಂತು, ಆಹಾರ ಕಚೇರಿಗೆ ಬರಲಿಲ್ಲ. ಯಂಕಪ್ಪ ಎಂಟು ಸಲ ಹೋದ. ಎಂಟು ಸಲವೂ ‘ಸರ್ವರ್ ಡೌನ್’. ಕಾರ್ಡಿಲ್ಲದೆ ಕಾರ್ಡಿಯಾಲಜಿ ಇಲ್ಲ.

ಒಂಬತ್ತನೇ ಸಲ ಹೋದ ದಿನ ಸಿದ್ರಾಮ ಟೀ ಬಿಡುವಿನಲ್ಲಿ ತಮಾಷೆಗೆಂದು ಬೇರೆಯವರ ಫೋನಿನಿಂದ ಅವನಿಗೆ ಕರೆ ಮಾಡಿದ.

“ಏನಯ್ಯಾ ಯಂಕಪ್ಪ, ನಾನ್ ಕಣಯ್ಯಾ, ನಿಮ್ ಎಮ್ಮೆಲ್ಲೆ. ಎಲ್ಲಿದೀಯ?”

“ಆಹಾರ ಕಚೇರ್ಯಾಗ ನಿಂತೀನ್ರೀ ಸಾಹೇಬ್ರ.” ಆ ಕಡೆ ಟಪ್ ಎಂದು ಏನೋ ಇಟ್ಟ ಸದ್ದು. “ಹಾಂ, ಈಗ ಜೋರಾಗಿ ಹೇಳ್ರೀ.”

“ಇನ್ನೂ ಕಾರ್ಡ್ ಕೊಟ್ಟಿಲ್ವಾ? ಯಾವನಯ್ಯಾ ಅಲ್ಲಿ ಕೂತಿರೋನು? ಸಂಜೆಯೊಳ್ಗೆ ಆಗ್ಲಿಲ್ಲಾಂದ್ರೆ ಬೀದರ್‌ಗೆ ಎತ್ತಾಕಿಸ್ತೀನಿ!”

ಕರೆ ಕಟ್ಟಾಯಿತು. ಕಾರ್ಖಾನೆಯಲ್ಲಿ ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿದ್ರಾಮ ಮಾತ್ರ ಟೀ ಲೋಟ ಕೆಳಗಿಟ್ಟ. ಗುರುವಾರ ಬಸಕ್ಕನ ಆಪರೇಷನ್ನು. ಪಾಪದವನಿಗೆ ಇಲ್ಲದ ಆಸೆ ಹುಟ್ಟಿಸಿಬಿಟ್ಟೆನಲ್ಲ!

ಸಂಜೆ ಯಂಕಪ್ಪನ ಬಾಡಿಗೆ ಕೋಣೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ. “ಕಾಕಾ, ತಪ್ಪಾತು. ಆ ಫೋನ್ ಮಾಡಿದಾಂವ ನಾನ.”

ಯಂಕಪ್ಪ ಅಂಗಿಯ ಜೇಬಿನಿಂದ ಮಡಚಿದ ಕಾಗದ ತೆಗೆದು ಬಿಡಿಸಿದ. ಬಿಪಿಎಲ್.

“ಗೊತ್ತೈತಲೇ. ಎಮ್ಮೆಲ್ಲೆ ಮನ್ಯಾಗ ಪವರ್ ಪ್ರೆಸ್ ಧಡ್ ಧಡ್ ಅಂತೈತೇನು? ಅದಕ್ಕ ಸ್ಪೀಕರ್ ಹಾಕಿ ಗುಮಾಸ್ತನ ಟೇಬಲ್ ಮ್ಯಾಲ ಇಟ್ಟೆ. ಬೀದರ್ ಅಂದಕೂಡ್ಲೇ ಅಂವನೂ ಎದ್ದ, ಸರ್ವರ್ರೂ ಎದ್ದಿತು!”

“ಸಪ್ಪಳ ಅಂವಗ ಕೇಳ್ಲಿಲ್ಲೇನು?”

“ಕೇಳಿದ. ಸಾಹೇಬ್ರು ಬೋರ್‌ವೆಲ್ ಪೂಜಾಕ್ಕ ಹೋಗ್ಯಾರ ಅಂದೆ.”

ಚಾಪೆಯ ಮೇಲಿಂದ ಬಸಕ್ಕ, “ನಗಿಸಬ್ಯಾಡ್ರೋ, ಎದಿ ಹಿಡೀತೈತಿ,” ಎಂದು ಸೆರಗು ಬಾಯಿಗಿಟ್ಟಳು.

“ಮುಂದಿನ ಸರ್ಕಾರ ಬಂದು ಮತ್ತ ಪಟ್ಟಿ ತಗೀತೈತಿ,” ಎಂದು ಯಂಕಪ್ಪ ಗೋಡೆಗೊರಗಿದ. “ಗಂಟಲ ಜ್ವಾಕಿಯಾಗಿಟ್ಕೊ ಮಗನ.”

ಆಮೇಲೆ ನಕ್ಕ ನೋಡಿ, ಪಕ್ಕದ ಬೀದಿಯ ಶೆಡ್ಡಿನ ಆ ಪವರ್ ಪ್ರೆಸ್ಸೇ ಕೇಳಿಸದ ಹಾಗೆ.