ಬೆರಳಿಟ್ಟು ಕೇಳುವ ಹಾಡು

ಮಗಳು ಶೆಡ್ಡಿನ ಬೀಗಕ್ಕೆ ಏಳನೆಯ ಕೀಲಿ ಹಾಕಿ ತಿರುಗಿಸುತ್ತಿದ್ದಳು. ಒಳಗೆ ಹತ್ತು ಮಡಚುವ ಕುರ್ಚಿಗಳಿದ್ದವು, ಹೊರಗೆ ಅಂಗಳದಲ್ಲಿ ವಯಸ್ಸಾದವರೆಲ್ಲ ನಿಂತೇ ಇದ್ದರು. ಅಪ್ಪನ ಗೊಂಚಲಿನಲ್ಲಿ ಯಾವ ಕೀಲಿಗೂ ಗುರುತಿಲ್ಲ. ಎಲ್ಲವೂ ಅವರ ಕೈಗೆ ಗೊತ್ತಿದ್ದವು. ಬೇರೆಯವರಿಗೂ ಒಂದು ದಿನ ಬೇಕಾಗಬಹುದು ಎಂದು ಅವರು ಯೋಚಿಸಿದವರಲ್ಲ.

"ಸುಮ್ನೆ ಎಳಿ ಮಗಳೇ," ಎಂದ ಅಪ್ಪನ ಹಳೆಯ ಗೆಳೆಯ ಬೇಕರಿಯವನು ಹಿಂದಿನಿಂದ. "ನಿಮ್ಮಪ್ಪ ಈ ಬೀಗ ಯಾವತ್ತೂ ಒತ್ತಿದೋನಲ್ಲ. ಬರೀ ನೇತು ಹಾಕ್ತಿದ್ದ."

ಎಳೆದಳು. ಬೀಗ ಕೈಗೇ ಬಂತು. ಬೆಳಗ್ಗೆಯಿಂದ ಗಟ್ಟಿಯಾಗಿದ್ದವಳಿಗೆ ಅಷ್ಟಕ್ಕೇ ಅಳು ಒತ್ತರಿಸಿ ಬಂತು.

ನಡುಮನೆಯಲ್ಲಿ ಅವಳಪ್ಪ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಆರಡಿ ಆಳು. ಲಾರಿಯ ಗೇರ್‌ಬಾಕ್ಸನ್ನು ಎದೆಗೆ ಒತ್ತಿಕೊಂಡು ಒಬ್ಬನೇ ಇಳಿಸುತ್ತಿದ್ದ ಮೆಕ್ಯಾನಿಕ್. ಇಂಥವನಿಗೆ ಊರೆಲ್ಲ ಕರೆಯುತ್ತಿದ್ದ ಹೆಸರು ಗುಬ್ಬಿ. ಸ್ಮಶಾನಕ್ಕೆ ಒಯ್ಯುವ ವ್ಯಾನು ಮೂರು ಗಂಟೆಗೆ ಬರುವುದಿತ್ತು. ಈಗ ಒಂದೂವರೆ.

ಹೆಂಡತಿ ಅವನ ತಲೆಯ ಬಳಿ ಕೂತು, ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ನಿಮ್ಮ ಹತ್ರ ಇವರ ದನಿ ಏನಾದ್ರೂ ಇದೆಯಾ? ಫೋನಲ್ಲಿ? ಯಾವುದಾದ್ರೂ ವಿಡಿಯೋದಲ್ಲಿ?"

ಆರು ವರ್ಷದ ಹಿಂದೆ ಗಂಟಲಿನ ಆಪರೇಷನ್ ಮಾಡಿ ಅವನ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಅಂದಿನಿಂದ ಮಾತೆಲ್ಲ ಚೀಟಿಯಲ್ಲಿ, ಇಲ್ಲವೇ ಸ್ಪ್ಯಾನರಿನಲ್ಲಿ. ಮೇಜಿಗೆ ಒಂದು ಸಲ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಇಲ್ಲ, ಕುಟ್ಟುತ್ತಲೇ ಇದ್ದರೆ ಊಟಕ್ಕೆ ಹೊತ್ತಾಯಿತು ಎಂದರ್ಥ. ಮಗಳ ಮದುವೆಯ ವಿಡಿಯೋದಲ್ಲಿ ಅವನು ಮೂರು ಕಡೆ ಇದ್ದ. ಮೂರು ಕಡೆಯೂ ವಿಡಿಯೋದವನು ಮೇಲಿಂದ ಸಿನಿಮಾ ಹಾಡು ಸುರಿದಿದ್ದ. ಫೋನಿನಲ್ಲಿ ಅವನು ಆಡುತ್ತಿದ್ದುದೇ "ಹಾಂ, ಬಂದೆ" ಅಷ್ಟು. ಅದನ್ನು ಯಾರು ಉಳಿಸಿಕೊಳ್ಳುತ್ತಾರೆ?

"ಮರೀತಾ ಇದೀನಿ," ಎಂದಳು. "ಮುಖ ಮರೆಯಲ್ಲ. ಆದ್ರೆ ದನಿ ಕೈ ಜಾರ್ತಾ ಇದೆ. ಇವರನ್ನ ಕರ್ಕೊಂಡು ಹೋಗೋ ಮುಂಚೆ ಒಂದೇ ಒಂದು ಸಲ ಕೇಳಿದ್ರೆ ಸಾಕಿತ್ತು ನಂಗೆ."

ಗೋಡೆಗೆ ಒರಗಿ ನಿಂತಿದ್ದ ಕನ್ನಡಕದಂಗಡಿಯವನು ತನ್ನ ಕನ್ನಡಕ ತೆಗೆದು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಇವರು ಹಾಡಿದ್ದು ಒಂದು ರೆಕಾರ್ಡ್ ಇದೆಯಲ್ಲ?" ಎಂದಳು ಪಕ್ಕದ ಮನೆಯ ಟೀಚರ್.

"ಇದೆ," ಎಂದ ಬೇಕರಿಯವನು. "ಅದರಿಂದಲೇ ಇವನು ಗುಬ್ಬಿ ಆಗಿದ್ದು. ನಾವು ಮೂರು ಜನ ಸೇರಿ ಮಾಡಿದ ಬ್ಯಾಂಡು. ಇವನು ಹಾಡೋದು, ನಾನು ಡ್ರಮ್ಮು, ಈ ಮಹಾಶಯ ಗಿಟಾರು." ಕನ್ನಡಕದಂಗಡಿಯವನು ತಲೆ ಎತ್ತಲಿಲ್ಲ.

ಮಗಳು ಫೋನು ತೆಗೆದಳು. ಹಳೆಯ, ಯಾರೂ ಕೇಳದ ಬ್ಯಾಂಡುಗಳ ರೆಕಾರ್ಡು ಹುಡುಕುವುದನ್ನೇ ಕಸುಬು ಮಾಡಿಕೊಂಡ ಯಾವನೋ ದೂರದವನು ಎಲ್ಲಿಂದಲೋ ಅದರ ಒಂದು ಪ್ರತಿ ಸಂಪಾದಿಸಿ ಇಂಟರ್‌ನೆಟ್ಟಿಗೆ ಹಾಕಿದ್ದ. ಕೆಳಗೆ ಬರೆದಿದ್ದ: ಹಾಡಿರುವುದು ಹನ್ನೆರಡು ವರ್ಷದ ಹುಡುಗ ಇರಬೇಕು, ಗಿಟಾರಿನವನ ಬೆರಳಿಗೆ ಮಾತ್ರ ಕೈ ಮುಗಿಯಬೇಕು.

ಹಾಡು ಶುರುವಾಯಿತು. ಗಿಟಾರು ಎಣ್ಣೆಗೆ ಬಿದ್ದ ಸಾಸಿವೆಯಂತೆ ಚಟಪಟ ಸಿಡಿಯಿತು. ಅದರ ಮೇಲೆ ಒಂದು ಕೀಚಲು ದನಿ: ತಣ್ಣಗಾಗಿದೆ ಇಂಜಿನ್ನು, ತಳ್ಳೋಕೆ ಯಾರೂ ಇಲ್ಲ.

ಅಂಗಳದಲ್ಲಿ ಯಾರಿಗೋ ನಗು ಬಂದು ಕೆಮ್ಮಾಯಿತು.

"ತೆಗಿ," ಎಂದಳು ಹೆಂಡತಿ. "ಇದು ನಿಮ್ಮಪ್ಪ ಅಲ್ಲ. ಅವರದು ಬಾವಿಯೊಳಗಿಂದ ಬಂದಂಗೆ ಇರ್ತಿತ್ತು."

ಅಳಿಯ ಫೋನು ಇಸಿದುಕೊಂಡು ವೇಗ ಇಳಿಸಿ ನೋಡಿದ. ಹಾಡು ನಿಧಾನವಾಯಿತು, ದನಿ ಇಳಿಯಲಿಲ್ಲ. ಅದೇ ಗುಬ್ಬಿ, ನಿದ್ದೆಗಣ್ಣಿನ ಗುಬ್ಬಿ.

"ತಪ್ಪು ನಂದು," ಎಂದ ಬೇಕರಿಯವನು. "ನಾನು ಭಯದಲ್ಲಿ ಡ್ರಮ್ಮು ಓಡಿಸಿಬಿಟ್ಟೆ. ಪಾಪ, ನನ್ನ ಹಿಂದೆ ಓಡೋಕೆ ಹೋಗಿ ಅವನ ದನಿ ಹಂಗಾಯ್ತು."

*

ನಲವತ್ತೊಂದು ವರ್ಷದ ಹಿಂದೆ, ಬಾಗಿಲು ಎಳೆದ ಗ್ಯಾರೇಜಿನಲ್ಲಿ ಭಾನುವಾರ ಮಧ್ಯಾಹ್ನ ಅವರು ಸೇರುತ್ತಿದ್ದರು. ಆಗ ಬೇಕರಿಯವನಿಗೆ ಬೇಕರಿ ಇರಲಿಲ್ಲ, ಕನ್ನಡಕದವನಿಗೆ ಕನ್ನಡಕ ಇರಲಿಲ್ಲ. ಜಾಕುಗಳ ಮೇಲೆ ಕೂತ ಒಂದು ಕಾರು, ನೆಲದ ತುಂಬ ಆಯಿಲು, ಮೂಲೆಯಲ್ಲಿ ಟಯರುಗಳ ರಾಶಿಯ ಮೇಲೆ ಇವರ ಸಾಮಾನು. ಅವರು ನುಡಿಸುತ್ತಿದ್ದುದು ಬ್ಲೂಸ್. ಒಂದೇ ದುಃಖವನ್ನು ಎರಡು ಸಲ ಹೇಳಿ ಮೂರನೆಯ ಸಾಲಿನಲ್ಲಿ ಅದಕ್ಕೆ ಏನಾದರೊಂದು ಉತ್ತರ ಕೊಡುವ ಹಾಡು. ಮೆಕ್ಯಾನಿಕ್‌ಗೆ ಅದು ಒಗ್ಗಿತ್ತು. ಗಾಡಿ ಕೆಟ್ಟವರೂ ಹಾಗೇ, ತಮ್ಮ ಕಷ್ಟವನ್ನು ಎರಡೆರಡು ಸಲ ಹೇಳುತ್ತಾರೆ ಎಂದು ನಗುತ್ತಿದ್ದ.

ಅವನು ಬಾಯಿ ತೆರೆದರೆ ಗೋಡೆಗೆ ನೇತು ಹಾಕಿದ ಸ್ಪ್ಯಾನರುಗಳು ಅದುರುತ್ತಿದ್ದವು. ಇದು ಉಬ್ಬಿಸಿ ಹೇಳಿದ್ದಲ್ಲ, ಬೇಕರಿಯವನು ಕಿವಿಯಾರೆ ಕೇಳಿದ್ದು. ದೊಡ್ಡ ಸ್ಪ್ಯಾನರುಗಳು ಮೊದಲು, ಸಣ್ಣವು ಆಮೇಲೆ.

ಒಂದು ಟೇಪ್ ರೆಕಾರ್ಡರನ್ನು ಎರವಲು ತಂದು ಒಂದೇ ಮಧ್ಯಾಹ್ನ ಹಾಡನ್ನು ಹಿಡಿದರು. ಆ ಟೇಪು ಕೊಟ್ಟು ಇನ್ನೂರು ಗ್ರಾಮಫೋನ್ ರೆಕಾರ್ಡು ಒತ್ತಿಸಿದರು. ಪೆಟ್ಟಿಗೆ ಬಂದ ದಿನ ಗ್ಯಾರೇಜಿನವರೆಲ್ಲ ಕೈ ತೊಳೆದುಕೊಂಡು ಸುತ್ತ ನಿಂತರು. ಮುಳ್ಳು ಇಟ್ಟರು. ಒಂದು ಸಾಲು ಮುಗಿಯುವುದರೊಳಗೆ ಮಾಲೀಕ ಹೊಟ್ಟೆ ಹಿಡಿದುಕೊಂಡು ಕೇಳಿದ: "ಇದ್ಯಾವ ಗುಬ್ಬಿನ ಹಿಡ್ಕೊಂಡು ಬಂದು ಹಾಡಿಸಿದ್ರೋ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಆಮೇಲೆ ಅವನು ಹಾಡಿದ್ದನ್ನು ಯಾರೂ ಕೇಳಲಿಲ್ಲ. ಹೆಂಡತಿ ಕೂಡ ಕೇಳಿದವಳಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಹಟ ಹಿಡಿದು ಆ ರೆಕಾರ್ಡು ಹಾಕಿಸಿದಳು. ಕೇಳಿ, ತಡೆಯಲಾರದೆ ನಕ್ಕುಬಿಟ್ಟಳು. ಮಾರನೆಯ ದಿನ ಪ್ಲೇಯರು ಮನೆಯಿಂದ ಶೆಡ್ಡಿಗೆ ಹೋಯಿತು.

*

"ನೀನು ಓಡಿಸಿದ್ದಲ್ಲ," ಎಂದ ಕನ್ನಡಕದಂಗಡಿಯವನು.

ದನಿ ಎಷ್ಟು ಸಣ್ಣದಾಗಿತ್ತೆಂದರೆ ಬೇಕರಿಯವನು "ಏನಂದೆ?" ಎಂದು ಎರಡು ಸಲ ಕೇಳಬೇಕಾಯಿತು.

"ನೀನು ಡ್ರಮ್ಮು ಓಡಿಸಲಿಲ್ಲ ಮಾರಾಯ. ಸರಿಯಾಗೇ ಬಾರಿಸಿದ್ದೆ. ಅವನೂ ಸರಿಯಾಗೇ ಹಾಡಿದ್ದ. ಅವತ್ತು ಪಕ್ಕದ ಶೆಡ್ಡಲ್ಲಿ ವೆಲ್ಡಿಂಗ್ ನಡೀತಿತ್ತಲ್ಲ, ಬಲ್ಬೆಲ್ಲ ಮಂಕಾಗಿತ್ತು. ಕರೆಂಟು ಸಾಲದೆ ಟೇಪಿನ ಮೋಟರು ನಿಧಾನ ತಿರುಗಿದೆ. ನಿಧಾನ ತಿರುಗುವಾಗ ಹಿಡಿದಿದ್ದನ್ನ ಸರಿಯಾದ ಕರೆಂಟಲ್ಲಿ ಹಾಕಿದ್ರೆ ಓಡುತ್ತೆ. ದನಿನೂ ಮೇಲೆ ಹೋಗುತ್ತೆ."

"ಇದೆಲ್ಲ ನಿಂಗೆ ಯಾವಾಗ ಗೊತ್ತಾಯ್ತು?"

"ಅವತ್ತೇ. ಸಾಯಂಕಾಲ."

*

ಅವತ್ತು ಸಾಯಂಕಾಲ ಕನ್ನಡಕದಂಗಡಿಯವನು ಟೇಪ್ ರೆಕಾರ್ಡರನ್ನು ಮನೆಗೆ ತಂದು ಹಾಕಿದ್ದ. ಹಾಡಿನ ಜೊತೆಗೆ ಗಿಟಾರು ಹಿಡಿದರೆ ಶ್ರುತಿ ಕೂಡಲಿಲ್ಲ. ತಂತಿಯ ಮೇಲೆ ಬೆರಳನ್ನು ಮೂರು ಮನೆ ಮುಂದೆ ಸರಿಸಿದ ಮೇಲೆ ಕೂಡಿತು. ಮಂಕಾದ ಬಲ್ಬು ನೆನಪಾಯಿತು, ವಿಷಯ ಹೊಳೆಯಿತು. ಬೆಳಗ್ಗೆ ಹೇಳಿದರಾಯಿತು, ಇನ್ನೊಂದು ಭಾನುವಾರ ಹಾಡಿದರಾಯಿತು ಎಂದುಕೊಂಡ.

ಅಷ್ಟರಲ್ಲಿ ಹಾಡಿನ ನಡುವೆ ಅವನ ಗಿಟಾರು ಬಂತು. ಅವನದು ನಿಧಾನದ ಕೈ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಸಂದಿಯಲ್ಲಿ ತಡವರಿಸುವ ಕೈ, ಅದು ಅವನಿಗೂ ಗೊತ್ತು. ಟೇಪಿನಲ್ಲಿ ಆ ಸಂದಿಗಳೆಲ್ಲ ಮುಚ್ಚಿಹೋಗಿದ್ದವು. ಬೆರಳುಗಳು ಬೆಂಕಿಯ ಮೇಲೆ ಓಡಿದಂತೆ ಓಡುತ್ತಿದ್ದವು. ಮಗ ದಂಡಪಿಂಡ ಎಂದು ದಿನಕ್ಕೆರಡು ಸಲ ಹೇಳುತ್ತಿದ್ದ ಅಪ್ಪ ಕೈಯಲ್ಲಿದ್ದ ಪೇಪರು ಮಡಚಿ ಬಾಗಿಲಿಗೆ ಬಂದು ನಿಂತ.

"ಇದು ನೀನಾ?" ಎಂದ ಅಪ್ಪ. "ನೀನೇ ನುಡಿಸಿದ್ದಾ?"

"ಹೌದು," ಎಂದ ಮಗ.

ಬೆಳಗ್ಗೆ ಎದ್ದು, ಟೇಪನ್ನು ತಾನೇ ಕೊಂಡೊಯ್ದು ಒತ್ತುವವರಿಗೆ ಕೊಟ್ಟು ಬಂದ. ಆ ರೆಕಾರ್ಡನ್ನು ಕೇಳಿ ಒಂದು ಆರ್ಕೆಸ್ಟ್ರಾದವರು ಅವನನ್ನು ಕರೆದುಕೊಂಡರು. ಎಂಟು ತಿಂಗಳಿಗೆ ಬಣ್ಣ ಬಯಲಾಗಿ ಬಿಟ್ಟೂ ಬಿಟ್ಟರು. ಗಿಟಾರು ಮಾರಿ ಕನ್ನಡಕದಂಗಡಿ ಸೇರಿದ.

*

"ನಲವತ್ತೊಂದು ವರ್ಷ ಕಣೋ," ಎಂದ ಬೇಕರಿಯವನು. "ನನ್ನಿಂದ ಹಾಳಾಯ್ತು ಅಂತ ನಾನು ಡ್ರಮ್ಮು ಮುಟ್ಟಲಿಲ್ಲ. ಇವನ ಮುಂದೆ ನಿಂತು ಕ್ಷಮಿಸು ಅಂತ ಎಷ್ಟು ಸಲ ಕೇಳಿದೀನಿ ಗೊತ್ತಾ? ನೀನು ಅಲ್ಲೇ ಕೂತು ಟೀ ಕುಡೀತಿದ್ದೆ."

ಕನ್ನಡಕದಂಗಡಿಯವನು ತಲೆಯಾಡಿಸಿದ. ಕುಡಿಯುತ್ತಿದ್ದುದು ನಿಜ.

ಹೆಂಡತಿ ಮಾತ್ರ ಬೈಯಲಿಲ್ಲ. ಅವಳಿಗೆ ಈಗ ಜಗಳಕ್ಕೆ ಪುರುಸೊತ್ತಿರಲಿಲ್ಲ. ಗೋಡೆಯ ಗಡಿಯಾರ ನೋಡಿದಳು. ಎರಡೂ ಇಪ್ಪತ್ತು.

"ಅಣ್ಣಾ, ಅದನ್ನ ಸರಿ ಮಾಡಕ್ಕಾಗುತ್ತಾ?"

"ರೆಕಾರ್ಡು, ಪ್ಲೇಯರು ಇದ್ರೆ ಆಗುತ್ತೆ ಅತ್ತಿಗೆ. ಫೋನು ಬರೀ ವೇಗ ಇಳಿಸುತ್ತೆ. ತಟ್ಟೆನೇ ಬೆರಳಿಟ್ಟು ತಡೆದು ತಿರುಗಿಸಿದ್ರೆ ದನಿನೂ ಇಳಿಯುತ್ತೆ."

"ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ," ಎಂದ ಬೇಕರಿಯವನು. "ಮೊದಲು ಪ್ಲೇಯರು ಎತ್ಕೊಂಡು ಬರೋಣ ನಡಿ."

ಪ್ಲೇಯರು ಶೆಡ್ಡಿನ ಹಿಂದಿನ ಮೇಜಿನ ಮೇಲಿತ್ತು. ಸುತ್ತ ಕಾರ್ಬುರೇಟರು, ಹಳೆಯ ಬ್ರೇಕ್ ಶೂ, ನಟ್ಟು ಬೋಲ್ಟಿನ ಡಬ್ಬಗಳು, ಎಲ್ಲವೂ ಜಿಡ್ಡು. ಅದಕ್ಕೆ ಹೊದಿಸಿದ್ದ ಬಟ್ಟೆ ಮಾತ್ರ ಒಗೆದದ್ದು. ಮೇಜಿನ ಮುಂದೆ ಒಂದೇ ಒಂದು ಸ್ಟೂಲು. ಇಬ್ಬರು ಮುದುಕರು ಅದನ್ನು ಹಸುಗೂಸಿನಂತೆ ಎತ್ತಿಕೊಂಡು ಅಂಗಳ ದಾಟಿದರು. ಕುರ್ಚಿಯಲ್ಲಿ ಕೂತವರು ಕಾಲು ಹಿಂದಕ್ಕೆ ತೆಗೆದುಕೊಂಡು ದಾರಿ ಬಿಟ್ಟರು.

ಗುಬ್ಬಿಯ ತಲೆಯ ಬಳಿ ಅದನ್ನಿಟ್ಟು ಅಳಿಯ ಪ್ಲಗ್ಗು ಹಾಕಿದ. ರೆಕಾರ್ಡು ಅದರ ಮೇಲೆಯೇ ಇತ್ತು. ಕನ್ನಡಕದಂಗಡಿಯವನು ಮಂಡಿಯೂರಿ ತಟ್ಟೆಯ ಅಂಚಿಗೆ ಬೆರಳು ಕೊಟ್ಟ. ಕೊಟ್ಟವನು ಬೆರಳು ತೆಗೆದು ಬಗ್ಗಿ ನೋಡಿದ.

ತಿರುಗುವ ತಟ್ಟೆಯ ಅಂಚಿಗೆ ಕಪ್ಪು ಬಣ್ಣವಿತ್ತು. ಆ ಬಣ್ಣ ಸುತ್ತಲೂ ಒಂದು ಬೆರಳಿನಗಲ ಪೂರ್ತಿ ಸವೆದು, ಒಳಗಿನ ಲೋಹ ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದು ದಿನ, ಒಂದು ವರ್ಷಕ್ಕೆ ಹಾಗೆ ಸವೆಯುವುದಿಲ್ಲ.

"ಏನಾಯ್ತು?" ಎಂದಳು ಹೆಂಡತಿ.

"ಅವನಿಗೆ ಗೊತ್ತಿತ್ತು," ಎಂದ ಕನ್ನಡಕದಂಗಡಿಯವನು. ಗೊತ್ತಾಗದೆ ಇರುತ್ತದೆಯೇ? ಅರ್ಧ ಮೈಲಿಯಿಂದ ಬರುವ ಲಾರಿಯ ಸದ್ದು ಕೇಳಿ ಯಾವ ಸಿಲಿಂಡರು ಕೈಕೊಟ್ಟಿದೆ ಎಂದು ಹೇಳುತ್ತಿದ್ದವನು. "ಶೆಡ್ಡಲ್ಲಿ ಕೂತು ಬೆರಳಿಟ್ಟು ಕೇಳ್ಕೊಂಡಿದಾನೆ. ಒಂದೇ ಒಂದು ಸಲ ನನ್ನ ಕೇಳಲಿಲ್ಲ."

ಹೋದ ವರ್ಷ ಕನ್ನಡಕದ ಕಾಲು ಸರಿ ಮಾಡಿಸಲು ಅಂಗಡಿಗೆ ಬಂದಾಗ ಗುಬ್ಬಿ ಒಂದು ಚೀಟಿ ಬರೆದು ಮುಂದೆ ಸರಿಸಿದ್ದ: ನಿಧಾನಕ್ಕೆ ನುಡಿಸಿದ್ರೂ ಚೆನ್ನಾಗೇ ನುಡಿಸ್ತಿದ್ದೆ ನೀನು. ಆಗ ಅದು ಸುಮ್ಮನೆ ಹಳೆಯ ಸ್ನೇಹದ ಮಾತು ಅನ್ನಿಸಿತ್ತು. ಈಗ ಅವನು ಅಳತೊಡಗಿದ. ಮೂಗು ಒರೆಸಿಕೊಳ್ಳಲೂ ತಿಳಿಯದೆ ಅತ್ತ.

"ಅಳೋದು ಆಮೇಲೆ," ಎಂದ ಬೇಕರಿಯವನು, ಆದರೆ ಅವನ ಕೈ ಗೆಳೆಯನ ಹೆಗಲ ಮೇಲಿತ್ತು. ಬಗ್ಗಿ ಮುಳ್ಳು ಇಟ್ಟ.

ಗುಬ್ಬಿ ಕೀಚಿತು. ಕನ್ನಡಕದಂಗಡಿಯವನು ಸವೆದ ಜಾಗಕ್ಕೆ ಬೆರಳು ಒತ್ತಿದ. ಹಾಡು ಭಾರವಾಯಿತು, ಹುಡುಗನ ದನಿ ಒಡೆಯಿತು, ಒಡೆದು ಕೆಳಗಿಳಿಯಿತು.

"ಇನ್ನೂ ಸ್ವಲ್ಪ," ಎಂದಳು ಹೆಂಡತಿ ಕಣ್ಣು ಮುಚ್ಚಿ. "ಇನ್ನೂ... ಅಯ್ಯೋ ಜಾಸ್ತಿಯಾಯ್ತು. ಹಾಂ. ಅಲ್ಲೇ. ಅಲ್ಲೇ ಇರಿ."

ಇಪ್ಪತ್ತಾರು ವರ್ಷದ ಮೆಕ್ಯಾನಿಕ್ ನಡುಮನೆಯಲ್ಲಿ ಬಾಯಿ ತೆರೆದ. ಅಡುಗೆಮನೆಯ ಗೂಡಿನಲ್ಲಿ ಯಾವುದೋ ಲೋಟ ಸಣ್ಣಗೆ ಅದುರಿತು. ಮಗಳು ಸೆರಗು ಬಾಯಿಗೆ ಒತ್ತಿಕೊಂಡಳು. ನಡುವೆ ಗಿಟಾರು ಬಂತು, ತಡವರಿಸುತ್ತ, ಸಂದಿಗಳಲ್ಲಿ ಎಡವುತ್ತ. ಅಂಗಳದವರೆಲ್ಲ ಕೇಳುತ್ತಿದ್ದರು. ಕನ್ನಡಕದಂಗಡಿಯವನು ಬೆರಳು ಸಡಿಲಿಸಲಿಲ್ಲ.

ಹಾಡು ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ವ್ಯಾನು ಬಂದು ನಿಂತಿತ್ತು.

"ಇನ್ನೊಂದ್ಸಲ ಹಾಕಿ," ಎಂದಳು ಹೆಂಡತಿ. "ನೀವು ಬಿಡಿ ಅಣ್ಣಾ. ನಾನು ಹಿಡ್ಕೋತೀನಿ."

ಅವಳು ಹತ್ತಿರ ಸರಿದು ಗಂಡನ ಬೆರಳು ಸವೆಸಿದ ಪಟ್ಟಿಯ ಮೇಲೆ ತನ್ನ ಬೆರಳಿಟ್ಟಳು. ಮೊದಲು ಭಾರ ಹೆಚ್ಚಾಗಿ ದನಿ ಮುಳುಗಿಹೋಯಿತು. ಕೈ ಹಗುರ ಮಾಡಿದಳು. ತಣ್ಣಗಾಗಿದೆ ಇಂಜಿನ್ನು, ತಳ್ಳೋಕೆ ಯಾರೂ ಇಲ್ಲ ಎಂದು ಅವನು ಎರಡನೆಯ ಸಲ ಹೇಳುವಾಗ ಅವಳ ಕೈಗೆ ಹದ ಸಿಕ್ಕಿತ್ತು. ಹೊರಗೆ ವ್ಯಾನಿನವನು ಇಂಜಿನ್ ಆರಿಸಿ, ಸೀಟಿನಲ್ಲೇ ಕೂತು ಕಾದ.