ಎಪ್ಪತ್ತು ಮನೆಗಳ ಬೀದಿ

ಅವನು ಕೆಂಪು ಪೆನ್ನಿನಿಂದ ಮೂರನ್ನೂ ಹೊಡೆದುಹಾಕಿದ. ಸಂಶೋಧನೆಗೆ ವಿದ್ಯಾರ್ಥಿ ಮೂರು ವಿಷಯ ಬರೆದು ತರಬೇಕು, ಮಾರ್ಗದರ್ಶಕ ಎರಡನ್ನು ಹೊಡೆಯಬೇಕು. ವಿಭಾಗದ ಪದ್ಧತಿ ಅದು. ಒಂದನ್ನೂ ಉಳಿಸದೆ ಹೊಡೆದದ್ದು ಇದೇ ಮೊದಲು.

"ಸರ್, ಮೊದಲನೇದು..." ಎಂದಳು ಹುಡುಗಿ. ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕಾಯುವವರು ಒಬ್ಬರಿಗೊಬ್ಬರು ಏನು ಮಾತಾಡಿಕೊಳ್ಳುತ್ತಾರೆ ಎಂಬುದು ಅವಳ ಮೊದಲ ವಿಷಯ. "ಅಮ್ಮನ ಜೊತೆ ನಾಲ್ಕು ತಿಂಗಳು ಅಲ್ಲೇ ಇದ್ದೆ. ಆಗ ಬರ್ಕೊಂಡಿದ್ದೆಲ್ಲ ಇದೆ."

"ಇದರಲ್ಲಿ ಏನಿದೆ?"

ಅಂದ ಮೇಲೆ ಅವನಿಗೇ ಕೇಳಿಸಿತು. ಇಪ್ಪತ್ತೆರಡು ವರ್ಷದ ಹಿಂದೆ ದೊಡ್ಡವರು ಅವನಿಗೆ ಅಂದ ಮಾತು, ಅದೇ ರಾಗದಲ್ಲಿ. ದೊಡ್ಡವರು ಅಂದರೆ ವಿಭಾಗದ ಮುಖ್ಯಸ್ಥರು. ಅವನ ವಿಷಯವನ್ನು ಕಸದ ಬುಟ್ಟಿಗೆ ಹಾಕಿ ಅವನನ್ನು ತಮ್ಮ ಸಮೀಕ್ಷೆಗೆ ದುಡಿಸಿಕೊಂಡರು. ಹತ್ತು ಬೀದಿ, ಬೀದಿಗೆ ಎಪ್ಪತ್ತು ಮನೆ, ಒಂದೇ ಪ್ರಶ್ನೆ: ನೆರೆಯವರ ಜೊತೆ ದಿನಕ್ಕೆ ಎಷ್ಟು ಸಲ ಮಾತಾಡುತ್ತೀರಿ? ಅದರಿಂದ ಅವರಿಗೆ ಪುಸ್ತಕವಾಯಿತು, ಹೆಸರಾಯಿತು. ಕೃತಜ್ಞತೆಯ ಪುಟದಲ್ಲಿ ಟೈಪು ಮಾಡಿದವನ ಹೆಸರೂ ಇತ್ತು, ಇವನದಿರಲಿಲ್ಲ. ಮುಂದಿನ ತಿಂಗಳು ಅವರ ನಿವೃತ್ತಿ. ಆ ಪುಸ್ತಕದ ಮರುಮುದ್ರಣ, ಸನ್ಮಾನ, ಹೊಗಳಿಕೆಯ ಭಾಷಣ. ಭಾಷಣ ಮಾಡಬೇಕಾದವನು ಇವನೇ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೋಲು ಎದುರಿಗೆ ಕೂತು ಉಗುರು ಕಚ್ಚುತ್ತಿತ್ತು.

"ಹಳೇ ಸಮೀಕ್ಷೆಯ ಒಂದು ಬೀದಿ ಆರಿಸ್ಕೋ. ಅದೇ ಪ್ರಶ್ನೆ ಮತ್ತೆ ಕೇಳು. ಪುಸ್ತಕ ಸುಳ್ಳು ಅಂತ ಬಂದರೆ ಸುಳ್ಳು ಅಂತಲೇ ಬರಿ."

"ಹಾಗೇ ಬರಬೇಕಾ ಸರ್?"

"ಬರುತ್ತೆ."

"ನಂಗೆ ಇದು ಇಷ್ಟ ಇಲ್ಲ."

"ಮಾಡ್ತಾ ಮಾಡ್ತಾ ಇಷ್ಟ ಆಗುತ್ತೆ."

ಅವಳ ಹಾಳೆಯ ಕೆಳಗೆ ಹೊಸ ವಿಷಯವನ್ನು ತಾನೇ ಬರೆದುಕೊಟ್ಟ. ವಿಷಯದ ಒಪ್ಪಿಗೆಗೆ ಅರ್ಜಿಯನ್ನು ದೊಡ್ಡವರ ಸಹಿಗೆ ಕಳಿಸಿ, ಹಳೆಯ ಫಾರಮುಗಳನ್ನು ಹುಡುಕಲು ಅವಳನ್ನು ಉಗ್ರಾಣಕ್ಕೆ ಅಟ್ಟಿದ. ಬಹಳ ವರ್ಷಗಳ ಮೇಲೆ ಅವನಿಗೆ ಹಸಿವಾಯಿತು.

ಮಧ್ಯಾಹ್ನ ಅವಳು ಮೈಯೆಲ್ಲ ಧೂಳು ಮಾಡಿಕೊಂಡು ಒಂದು ಕಟ್ಟು ಹೊತ್ತು ಬಂದಳು. ಮುಖದಲ್ಲಿ ಬೆಳಗಿನ ಬೇಸರ ಇರಲಿಲ್ಲ.

"ಈ ಬೀದಿ ಮಜವಾಗಿದೆ ಸರ್. ಎಪ್ಪತ್ತು ಮನೆಯೂ ಒಂದೇ ಮಧ್ಯಾಹ್ನ. ಫಾರಮಲ್ಲಿರೋ ಟೈಮ್ ನೋಡಿದ್ರೆ ಮನೆಗೆ ಮೂರು ನಿಮಿಷ. ಬಾಗಿಲು ತೆಗೆಯೋಕೇ ಅಷ್ಟು ಬೇಕಲ್ವಾ? ಯಾರೋ ಫ್ಯಾನ್ ಕೆಳಗೆ ಕೂತು ಬರ್ದಿದಾರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ಜೇಬಿನ ಪೆನ್ನಿಗೆ ಹೋಯಿತು. ಒಂಬತ್ತು ಬೀದಿಗಳನ್ನು ಚಪ್ಪಲಿ ಸವೆಯುವಂತೆ ಸುತ್ತಿದ್ದ. ಹತ್ತನೆಯದಕ್ಕೆ ಕಾಲು ಏಳಲಿಲ್ಲ, ಗ್ರಂಥಾಲಯದಲ್ಲಿ ಕೂತು ತುಂಬಿಬಿಟ್ಟಿದ್ದ. ಸೇಡನ್ನು ಇಷ್ಟು ವರ್ಷ ಎದೆಯಲ್ಲಿಟ್ಟು ಸಾಕಿದವನು ಆ ಒಂದು ಮಧ್ಯಾಹ್ನವನ್ನು ಮಾತ್ರ ಮರೆತೇಬಿಟ್ಟಿದ್ದ.

"ಯಾರು ಅಂತ ಇದೆಯಾ?"

"ಇಲ್ಲ. ತುಂಬಿದವರ ಹೆಸರಿರೋ ಮೂಲೆನ ಎಲ್ಲದರಲ್ಲೂ ಬ್ಲೇಡಲ್ಲಿ ಕತ್ತರಿಸಿದಾರೆ. ಹುಡುಕ್ತೀನಿ ಬಿಡಿ. ನೀವು ಹೇಳಿದ್ದು ಸರಿ ಸರ್, ಈಗ ಇಷ್ಟ ಆಯ್ತು."

ಬೀದಿ ನೋಡಿ ಬರುತ್ತೇನೆಂದು ಹೊರಟೇಬಿಟ್ಟಳು. ಬೇಡ ಅನ್ನಲು ಅವನಿಗೆ ಒಂದು ಕಾರಣವೂ ಹೊಳೆಯಲಿಲ್ಲ.

ದೊಡ್ಡವರ ಕೋಣೆಗೆ ಓಡಿದ. ಅರ್ಜಿಯ ಮೇಲೆ ಸಹಿ ಬಿದ್ದಾಗಿತ್ತು.

"ಅದು ವಾಪಸ್ ಬೇಕಿತ್ತು ಸರ್. ವಿಷಯ ಬದಲಾಯಿಸ್ಬೇಕು."

"ಯಾಕ್ರೀ, ಚೆನ್ನಾಗಿದೆಯಲ್ಲ." ಕನ್ನಡಕ ಒರೆಸಿಕೊಂಡರು. "ಹತ್ತನೇ ಬೀದಿ ಸಿಕ್ತಾ? ಆ ಮೂಲೆ ಕತ್ತರಿಸಿದ್ದು ನಾನೇ. ಪುಸ್ತಕದಲ್ಲಿ ನಿಮ್ಮ ಹೆಸರು ಬಿಟ್ಟಿದ್ದೂ ಅದಕ್ಕೇ."

"ಗೊತ್ತಿದ್ದೂ ಆ ಬೀದಿನ ಪುಸ್ತಕಕ್ಕೆ ಯಾಕೆ ಸೇರಿಸಿದ್ರಿ?"

"ಅಂಕಿ ಚೆನ್ನಾಗಿತ್ತು." ಅರ್ಜಿಯನ್ನು ಖಾನೆಯೊಳಗೆ ಹಾಕಿ ಬೀಗ ತಿರುಗಿಸಿದರು. "ನಾನು ಮುಂದಿನ ತಿಂಗಳು ಮನೆಗೆ ಹೋಗ್ತೀನಿ. ನಿಮಗಿನ್ನೂ ಹದಿನಾಲ್ಕು ವರ್ಷ ಸರ್ವೀಸ್ ಇದೆ, ಅಲ್ವಾ?"

ಅವರ ಕತ್ತು ಹಿಸುಕಬೇಕೆನಿಸಿತು. ಅವರು ಮಾಡಿದ ಅನ್ಯಾಯಕ್ಕಲ್ಲ; ಅದು ಉಪಕಾರವಾಗಿಬಿಟ್ಟಿತಲ್ಲ, ಅದಕ್ಕೆ.

ಬಸ್ಸು ಹಿಡಿದು ಹೋದ. ತಾನೇ ತುಂಬಿದ ಬೀದಿಯನ್ನು ಮೊದಲ ಸಲ ನೋಡುತ್ತಿದ್ದ. ಇಕ್ಕಟ್ಟಾದ ಬೀದಿ, ಎರಡೂ ಕಡೆ ಮುಚ್ಚಿದ ಬಾಗಿಲುಗಳು. ಕೊನೆಯಲ್ಲಿ ಎತ್ತರದ ಬೂದು ಗೋಡೆ. ಅದರ ಮುಂದೆ ಹುಡುಗಿ.

"ನಲವತ್ತನೇ ಮನೆಗೆ ಬೀದಿ ಮುಗೀತು ಸರ್. ಆ ಮನೆ ಅಜ್ಜಿ ಮದುವೆಯಾಗಿ ಬಂದಾಗಲೇ ಈ ಗೋಡೆ ಇತ್ತಂತೆ. ನಲವತ್ತೊಂದನೇ ಮನೆಯವರು ದಿನಕ್ಕೆ ಆರು ಸಲ ಮಾತಾಡ್ತಾರೆ ಅಂತ ಇದರಲ್ಲಿದೆ."

ಅವಳ ಒಂದು ಕೈಯಲ್ಲಿ ಹಳೆಯ ಫಾರಮು, ಇನ್ನೊಂದರಲ್ಲಿ ಅವನು ಬೆಳಿಗ್ಗೆ ಬರೆದುಕೊಟ್ಟ ಹಾಳೆ. ಒಂದರಿಂದ ಒಂದಕ್ಕೆ ನಿಧಾನವಾಗಿ ಕಣ್ಣಾಡಿಸುತ್ತಿದ್ದಳು. ಅಕ್ಷರ ಗುರುತು ಹತ್ತಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

"ಮನೆ ಇದೆ," ಎಂದ. "ನೀನು ಸರಿಯಾಗಿ ನೋಡಿಲ್ಲ."

ಮುಂದೆ ಹೋಗಿ ಗೋಡೆಯನ್ನು ಬೆರಳ ಗಂಟಿನಿಂದ ತಟ್ಟಿದ. ಕಾದ. ಮತ್ತೆ ತಟ್ಟಿದ. ಬೆನ್ನ ಹಿಂದೆ ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು.

"ಯಾರೂ ಬರಲಿಲ್ಲ ಅಂತ ಬರ್ಕೊಳ್ಳಲಾ ಸರ್?"

ಅವನು ಗೋಡೆಗೆ ಕಿವಿಯಿಟ್ಟು ನಿಂತಿದ್ದ.